ಅಜ್ಜ-ಅಜ್ಜಿಗೆ ಮುಂದಿನ ಕೋಣೆಯೋ, ಹಿಂದಿನ ಕೊಟ್ಟಿಗೆಯೋ?

ಜವನಗೊಂಡನಹಳ್ಳಿ: ಗುದ್ದಲಿ ಪೂಜೆ ಮುಗಿದಿದೆ. ಮೇಸ್ತ್ರಿ ದಾರ ಹಿಡಿದು ನಿಂತಿದ್ದಾನೆ. "ಇದು ಹಾಲು, ಇದು ಅಡಿಗೆ ಮನೆ, ಇದು ದೇವರ ಮನೆ, ಇದು ನಿಮ್ಮ ರೂಮು" ಅಂತ ಒಂದೊಂದೇ ತೋರಿಸುತ್ತಿದ್ದಾನೆ. ಯಜಮಾನ ತಲೆಯಾಡಿಸುತ್ತಿದ್ದಾನೆ. ಅಲ್ಲೇ ಬೇವಿನ ಮರದ ನೆರಳಲ್ಲಿ ಕೂತ ಮುದುಕ ಮೆಲ್ಲಗೆ ಕೇಳುತ್ತಾನೆ: "ನಾನೂ ನಿಮ್ಮವ್ವನೂ ಎಲ್ಲಿ ಮಲಗಾದು ಮಗಾ?"

"ಹಾಲ್ ಐತಲ್ಲಪ್ಪಾ, ಅಲ್ಲೇ ಒಂದು ಮಂಚ ಹಾಕಿದ್ರಾತು."

ಹಿರಿಯೂರಿನಿಂದ ಶಿರಾ ಕಡೆಗೆ ಹೆದ್ದಾರಿಯಲ್ಲಿ ಬಸ್ಸು ಹತ್ತಿದವರು ಕಿಟಕಿಯಾಚೆ ಕಣ್ಣಾಡಿಸಿದರೆ ಇಂಥ ಮನೆಗಳು ಎಷ್ಟು ಬೇಕಾದರೂ ಸಿಗುತ್ತವೆ. ಮುಂದೆ ಬಣ್ಣ, ಮೇಲೆ ನೀರಿನ ಟ್ಯಾಂಕು, ಹಿಂದುಗಡೆ ತಗಡಿನ ಇಳಿಜಾರು. ಆ ತಗಡಿನ ಕೆಳಗೆ ಒಂದು ಮಂಚ. ಹಾಲ್‌ನಲ್ಲಿ ಹಾಕಿದ್ದ ಮಂಚವೇ ಅದು, ನಡೆದುಕೊಂಡು ಹಿಂದಕ್ಕೆ ಹೋಗಿದೆ. ಹೇಗೆ ಹೋಯಿತು ಅಂದರೆ, ಯಾರೂ ಕಳಿಸಲಿಲ್ಲ. ಮಕ್ಕಳ ಪರೀಕ್ಷೆ ಬಂತು, ಮುದುಕನ ಕೆಮ್ಮು ಜೋರಾಯಿತು. ಬೀಗರು ಬಂದರು, ಮಂಚ ಅಡ್ಡವಾಯಿತು. ಟೀವಿ ಸದ್ದಿಗೆ ಅಜ್ಜಿಗೆ ನಿದ್ದೆ ಇಲ್ಲ. ಒಂದೊಂದು ಕಾರಣವೂ ನ್ಯಾಯವಾದದ್ದೇ. ಎಲ್ಲ ಸೇರಿದರೆ ಮಾತ್ರ ಹೆತ್ತವರು ಕೊಟ್ಟಿಗೆಗೆ ಬಿದ್ದರು ಅಂತ ಲೆಕ್ಕ.

ತಪ್ಪು ಮಗನದೋ ಸೊಸೆಯದೋ ಅಂತ ಕಟ್ಟೆ ಮೇಲೆ ಕೂತು ನ್ಯಾಯ ಹೇಳೋರಿಗೆ ಕಮ್ಮಿ ಇಲ್ಲ. ಆದರೆ ಅರ್ಧ ತಪ್ಪು ನಕ್ಷೆಯದು. ಪಾಯ ತೋಡುವ ದಿವಸವೇ ಮುದುಕರಿಗೆ ಜಾಗ ಇಡದ ಮನೆಯಲ್ಲಿ ಆಮೇಲೆ ಜಾಗ ಹುಟ್ಟೋದಿಲ್ಲ.

ಹಳೇ ಕಾಲದ ಮಾಳಿಗೆ ಮನೆಗೆ ಈ ತಾಪತ್ರಯ ಇರಲಿಲ್ಲ. ಎರಡಡಿ ದಪ್ಪದ ಮಣ್ಣಿನ ಗೋಡೆ, ಮರದ ತೊಲೆ, ಮೇಲೆ ಕರಲು ಮಣ್ಣಿನ ಹೊದಿಕೆ, ನೆತ್ತಿಗೊಂದು ಬೆಳಕಿಂಡಿ. ಬೀದಿಗೆ ಜಗಲಿ, ಒಳಗೆ ಪಡಸಾಲೆ, ಅದರಾಚೆ ನಡುಮನೆ. ಅಜ್ಜನ ಜಾಗ ಜಗಲಿ. ಯಾರು ಬಂದರು, ಯಾರ ದನ ಯಾರ ಹೊಲಕ್ಕೆ ನುಗ್ಗಿತು, ಬಸ್ಸು ಎಷ್ಟು ಹೊತ್ತಿಗೆ ಹೋಯಿತು, ಎಲ್ಲ ಲೆಕ್ಕ ಅಲ್ಲೇ. ಅಜ್ಜಿಯದು ನಡುಮನೆ, ಬಾಣಂತಿ, ಮಕ್ಕಳು, ಉಪ್ಪಿನಕಾಯಿ ಜಾಡಿ ಎಲ್ಲವೂ ಅವಳ ಸುಪರ್ದಿ. ಹಾಗಂತ ಅದೇನು ಸ್ವರ್ಗ ಅಲ್ಲ. ಕಕ್ಕಸಿಗೆ ಕತ್ತಲಲ್ಲಿ ಬಯಲಿಗೇ ಹೋಗಬೇಕಿತ್ತು, ಹೊಸದಾಗಿ ಮದುವೆಯಾದವರಿಗೆ ಒಂದು ಬಾಗಿಲೂ ಇರಲಿಲ್ಲ. ಆ ಮನೆ ಹೋಯಿತು. ಅದರ ಜೊತೆಗೆ ಮುದುಕರ ಹುದ್ದೆಯೂ ಹೋಯಿತು ಅನ್ನೋದೇ ಈಗಿನ ತಕರಾರು.

ಈಗ ಹೊಸ ಉಪಾಯ ಒಂದು ಬಾಯಿಂದ ಬಾಯಿಗೆ ಓಡಾಡುತ್ತಿದೆ. ಒಂದೇ ಸೂರಿನ ಕೆಳಗೆ ಎರಡು ಮನೆ. ಮಗ, ಸೊಸೆ, ಮೊಮ್ಮಕ್ಕಳಿಗೆ ದೊಡ್ಡದು. ಅಜ್ಜ-ಅಜ್ಜಿಗೆ ಚಿಕ್ಕದು, ಅದಕ್ಕೆ ಬೇರೆ ಬಾಗಿಲು, ಬೇರೆ ಬಚ್ಚಲು, ಬೇರೆ ಒಲೆ. ಬಾಗಿಲು, ಬಚ್ಚಲು ಅನ್ನೋವರೆಗೆ ಎಲ್ಲರೂ ಸೈ ಅಂತಾರೆ. ಒಲೆ ಅಂದ ಕೂಡಲೇ ಮುಖ ಬಾಡುತ್ತೆ. ನಮ್ಮ ಕಡೆ ಒಲೆ ಬೇರೆ ಆಯಿತು ಅಂದರೆ ಪಾಲಾಯಿತು ಅಂತಲೇ ಅರ್ಥ. "ಜೀವಂತ ಇರಬೇಕಾದ್ರೇ ಬೇರೆ ಹಾಕಿದ್ರಂತೆ" ಅನ್ನುವ ಮಾತು ಸಂತೆ ಮುಟ್ಟೋಕೆ ಒಂದು ದಿವಸ ಸಾಕು.

ಆದರೂ ಒಲೆ ಇರಲಿ ಅನ್ನೋದೇ ಸರಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದ ಮುದುಕನಿಗೆ ಒಂದು ಲೋಟ ಕಾಫಿ ಬೇಕಾದರೆ ಆರೂವರೆ ತನಕ ಸೊಸೆ ಬಾಗಿಲು ತೆಗೆಯೋದನ್ನು ಕಾಯಬೇಕೆ? ಸಕ್ಕರೆ ಕಾಯಿಲೆಯ ಅಜ್ಜಿಗೆ ಮುದ್ದೆ, ಸಪ್ಪೆ ಸಾರು. ಮೊಮ್ಮಗನಿಗೆ ಅದು ಬೇಡ. ಊಟ ಒಟ್ಟಿಗೆ ಇರಲಿ, ಕಾಫಿ-ಗಂಜಿ ಅವರ ಕೈಯಲ್ಲಿರಲಿ. ಮೂರಡಿ ಕಲ್ಲಿನ ಕಟ್ಟೆ, ಒಂದು ಗ್ಯಾಸ್ ಒಲೆ, ಒಂದು ನಲ್ಲಿ. ಇಷ್ಟಕ್ಕೆ ಸಂಸಾರ ಒಡೆಯುತ್ತೆ ಅಂದರೆ ಅದು ಮೊದಲೇ ಒಡೆದಿತ್ತು.

ಲೆಕ್ಕಕ್ಕೆ ಬರೋಣ. ಮೂವತ್ತು-ನಲವತ್ತರ ನಿವೇಶನ, ಪೂರ್ವಕ್ಕೆ ಬಾಗಿಲು ಅಂತ ಇಟ್ಟುಕೊಳ್ಳಿ. ಮುಂದೆ 5 ಅಡಿ, ಹಿಂದೆ 3, ದಕ್ಷಿಣಕ್ಕೆ 4, ಉತ್ತರಕ್ಕೆ 2 ಅಡಿ ಬಿಟ್ಟರೆ ಕಟ್ಟಡಕ್ಕೆ ಉಳಿಯೋದು 24 ಅಡಿ ಅಗಲ, 32 ಅಡಿ ಉದ್ದ. ಅಂದರೆ 768 ಚದರಡಿ, ಮೇಸ್ತ್ರಿ ಭಾಷೆಯಲ್ಲಿ ಏಳೂಮುಕ್ಕಾಲು ಚದರಕ್ಕೆ ಒಂದು ಚೂರು ಕಮ್ಮಿ. ಎಷ್ಟು ಜಾಗ ಬಿಡಬೇಕು ಅನ್ನೋದನ್ನು ನಕ್ಷೆ ಕೊಡುವ ಮೊದಲೇ ಪಂಚಾಯ್ತಿಯಲ್ಲಿ ಕೇಳಿಕೊಂಡರೆ ಒಳ್ಳೇದು, ಆಮೇಲೆ ಓಡಾಡೋದು ತಪ್ಪುತ್ತೆ.

ಇದರಲ್ಲಿ ಅಜ್ಜ-ಅಜ್ಜಿಯ ಭಾಗ ಮುಂದಿನ ಆಗ್ನೇಯ ಮೂಲೆಗೆ. ಈಶಾನ್ಯಕ್ಕೆ ಕಕ್ಕಸು ಬಂತು ಅಂತ ಆಯ ನೋಡೋರು ತಗಾದೆ ತೆಗೆಯೋಕೆ ಅವಕಾಶ ಇಲ್ಲ. ಬೀದಿ ಕಡೆಗೆ ಹತ್ತಡಿಗೆ ಹತ್ತೂವರೆ ಅಡಿ ಕೋಣೆ. ಎರಡು ಮಂಚ, ಒಂದು ಕುರ್ಚಿ ಹಿಡಿಯುತ್ತೆ. ಅದರ ಹಿಂದೆ ನಾಲ್ಕಡಿ ಅಗಲದ ಓಣಿ, ಓಣಿಯ ಒಳತುದಿಗೆ ಒಲೆ ಕಟ್ಟೆ. ಅದಕ್ಕೆ ಹೊಂದಿಕೊಂಡು ಐದಡಿಗೆ ಏಳಡಿ ಬಚ್ಚಲು-ಕಕ್ಕಸು, ಪಕ್ಕದಲ್ಲಿ ಉಳಿದ ಸಂದಿಗೆ ಟ್ರಂಕು, ಹಾಸಿಗೆ. ಗೋಡೆ ಸೇರಿ ಎಲ್ಲ ಒಟ್ಟು ಎರಡೂವರೆ ಚದರದೊಳಗೆ. ಮಿಕ್ಕ ಐದೂಕಾಲು ಚದರದಲ್ಲಿ ಮಗನ ಹಾಲು, ಅಡಿಗೆ ಮನೆ, ಒಂದು ಕೋಣೆ, ಬಚ್ಚಲು. ಹುಡುಗರು ದೊಡ್ಡವರಾದಾಗ ಮೇಲೊಂದು ಕೋಣೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಇಡೀ ಮನೆಗೆ ಇಟ್ಟಿರುವ ಕನಿಷ್ಠ ಅಳತೆಯೇ 25 ಚದರ ಮೀಟರ್, ಸುಮಾರು 270 ಚದರಡಿ. ಅದನ್ನು ನೋಡಿದರೆ ಈ ಪುಟ್ಟ ಮನೆ ಏನೂ ಬಡವಲ್ಲ.

ಮೇಸ್ತ್ರಿಗಳು ಎಡವೋದು ಸಣ್ಣ ಅಳತೆಗಳಲ್ಲಿ. ಬಚ್ಚಲಿಗೆ ಎರಡಡಿ ಬಾಗಿಲು ಇಟ್ಟುಬಿಡ್ತಾರೆ. ಮುದುಕರ ಬಾಗಿಲು ಮೂರಡಿಗೆ ಕಮ್ಮಿ ಆಗಬಾರದು. ಇವತ್ತು ಕೋಲು, ನಾಳೆ ಗಾಲಿಕುರ್ಚಿ. ಕುರ್ಚಿ ತಿರುಗೋಕೆ ಐದಡಿ ಬೇಕು, ಐದು-ಏಳರ ಬಚ್ಚಲು ಅಂದದ್ದು ಅದಕ್ಕೇ. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಜಾರಿ ಬಿದ್ದವರು ಬಾಗಿಲಿಗೇ ಅಡ್ಡ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಒಡೆದೇ ತೆಗೆಯಬೇಕಾಗುತ್ತೆ. ಕಕ್ಕಸು ಕೂರುವಂಥದ್ದು, ಒಂದೂವರೆ ಅಡಿ ಎತ್ತರ; ಪಕ್ಕದ ಗೋಡೆಗೆ ಹಿಡಿದು ಏಳೋಕೆ ಕಬ್ಬಿಣದ ಸರಳು. ಆ ಸರಳನ್ನು ಆಮೇಲೆ ಹಾಕಿಸ್ತೀನಿ ಅನ್ನೋದು ಬೇಡ. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಮುದುಕಿಯ ಭಾರಕ್ಕೆ ಕಿತ್ತು ಬರುತ್ತೆ. ಗೋಡೆ ಕಟ್ಟುವಾಗಲೇ ಕಾಂಕ್ರೀಟಿನಲ್ಲಿ ಕೂರಿಸಬೇಕು. ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿಸಿ ನೆಂಟರಿಗೆ ತೋರಿಸಬಹುದು, ಆಮೇಲೆ ಮುರಿದ ಸೊಂಟದ ಮೂಳೆ ತೋರಿಸೋಕೆ ಆಸ್ಪತ್ರೆಗೂ ಹೋಗಬಹುದು. ಒರಟು ಕಲ್ಲೇ ಲೇಸು.

ಇನ್ನು ಪಾಯ. ರಸ್ತೆಗೆ ಟಾರು ಬಿದ್ದಂತೆಲ್ಲ ರಸ್ತೆ ಏರುತ್ತೆ, ಮನೆ ಇಳಿಯುತ್ತೆ, ಆದ್ದರಿಂದ ಒಂದೂವರೆ ಅಡಿ ಪಾಯ ಎಬ್ಬಿಸಲೇಬೇಕು. ಗಾಲಿಕುರ್ಚಿ ಏರೋಕೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಬೇಕು ಅನ್ನೋದು ಲೆಕ್ಕ; ಒಂದೂವರೆಗೆ ಹದಿನೆಂಟಡಿ. ಮುಂದಿನ ಐದಡಿಯಲ್ಲಿ ಅದು ಹಿಡಿಯೋದಿಲ್ಲ. ದಕ್ಷಿಣಕ್ಕೆ ಬಿಟ್ಟ ನಾಲ್ಕಡಿ ಸಂದಿಯಲ್ಲಿ ಬೀದಿಯಿಂದ ಶುರುಮಾಡಿದರೆ ಹದಿನೆಂಟನೇ ಅಡಿಗೆ ಸರಿಯಾಗಿ ಆ ಒಲೆ ಓಣಿಯ ಬಾಗಿಲಿಗೆ ಹೋಗಿ ನಿಲ್ಲುತ್ತೆ. ಎರೆ ಭೂಮಿಯಾದರೆ ಇನ್ನೊಂದು ಎಚ್ಚರಿಕೆ: ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಗೋಡೆಯನ್ನೂ ಬಿರಿಸುತ್ತೆ. ಗಟ್ಟಿ ಪದರ ಸಿಗುವ ತನಕ ತೋಡದೆ ಪಾಯ ಕಟ್ಟಬಾರದು.

ಎರಡು ಮನೆಗೂ ನಡುವೆ ಒಂದು ಒಳಬಾಗಿಲು ಬೇಕೇ ಬೇಕು. ಚಿಲಕ ಯಾವ ಕಡೆ? ಇದು ಚಿಕ್ಕ ಪ್ರಶ್ನೆ ಅಂದುಕೊಂಡವರು ಎರಡು ತಲೆಮಾರು ಒಂದೇ ಮನೆಯಲ್ಲಿ ಬಾಳಿ ನೋಡಿಲ್ಲ. ಹಾಲ್ ಕಡೆ ಚಿಲಕ ಇದ್ದರೆ ಒಂದು ಜಗಳದ ದಿವಸ ಅದು ಬೀಳುತ್ತೆ, ಬಿದ್ದ ಸದ್ದು ಮುದುಕಿಗೆ ಕೇಳುತ್ತೆ, ಸಾಯೋವರೆಗೂ ಕೇಳುತ್ತಲೇ ಇರುತ್ತೆ. ಚಿಲಕ ಮುದುಕರ ಕಡೆ ಇರಲಿ. ಮಗನಿಗೆ ಬೇಕಾದರೆ ಬೀಗದ ಕೈ ಇರಲಿ, ಅರ್ಧರಾತ್ರಿ ಎದೆ ನೋವು ಅಂದರೆ ತೆರೆಯೋಕೆ. ಸೊಸೆಯ ಕೋಣೆಗೆ ಅವಳದೇ ಚಿಲಕ ಇದೆಯಲ್ಲ, ಅದು ಸಾಕು. ಹಾಲ್ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟರೆ ಕೆಮ್ಮು ಈ ಕಡೆ ಕೇಳುತ್ತೆ, ಮೊಮ್ಮಗುವಿನ ಅಳು ಆ ಕಡೆ ಕೇಳುತ್ತೆ.

ಅಂಗಡಿ ಯಜಮಾನರು ಇಷ್ಟು ಹೊತ್ತಿಗೆ ಒಂದು ಮಾತು ಕೇಳಿಯೇ ಕೇಳ್ತಾರೆ: "ಅಲ್ಲ ಸ್ವಾಮಿ, ರಸ್ತೆ ಮುಖದ ಕೋಣೆ ಮುದುಕರಿಗೆ ಕೊಟ್ರೆ ಮಳಿಗೆ ಬಾಡಿಗೆ ಯಾರು ಕೊಡ್ತಾರೆ?" ನ್ಯಾಯವಾದ ಪ್ರಶ್ನೆ. ಮೊದಲು 4ನೇ ನಂಬರಿದ್ದು ಈಗ 48 ಆಗಿರುವ ಈ ಹೆದ್ದಾರಿಯ ಬದಿಯಲ್ಲಿ ಮುಂದಿನ ಕೋಣೆ ಅಂದರೆ ದುಡ್ಡು. ಮುದುಕರನ್ನು ಹಿಂದಕ್ಕೆ ತಳ್ಳೋದು ಬಹಳ ಸಲ ಸೊಸೆಯಲ್ಲ, ಈ ಬಾಡಿಗೆ. ಬೀದಿಗೆ 24 ಅಡಿ ಮುಖ ಇದೆ. ಅಜ್ಜನಿಗೆ ಹನ್ನೊಂದೂವರೆ ಹೋದರೂ ಹನ್ನೆರಡೂವರೆ ಉಳಿಯುತ್ತೆ. ಮಳಿಗೆ ಬೇಕೇ ಬೇಕು ಅನ್ನೋರು ಅದರಲ್ಲಿ ಮಾಡಿಕೊಂಡು ಹಾಲನ್ನು ಹಿಂದಕ್ಕೆ ಸರಿಸಲಿ, ಮಕ್ಕಳ ಕೋಣೆಯನ್ನು ಮೇಲಕ್ಕೆ ಏರಿಸಲಿ. ಮೆಟ್ಟಿಲು ಹತ್ತೋ ಕಾಲು ಯಾರದು, ಹತ್ತಲಾಗದ ಕಾಲು ಯಾರದು ಅನ್ನೋದು ಗೊತ್ತಿರೋದೇ. ಅದೂ ಅಲ್ಲದೆ ಜಗಲಿ ಮೇಲೆ ಮುದುಕ ಕೂತಿರುವ ಅಂಗಡಿಗೆ ಹಾಡುಹಗಲಲ್ಲಿ ಕಳ್ಳ ನುಗ್ಗೋದಿಲ್ಲ.

ಈ ಯೋಚನೆ ಇಲ್ಲಿಯದೊಂದೇ ಅಲ್ಲ. ಜಪಾನಿನಲ್ಲಿ 1975ರಲ್ಲೇ ಅಸಾಹಿ ಕಾಸೆಯ್ ಅನ್ನುವ ಕಂಪನಿ 'ನಿಸೆತಾಯ್ ಜೂತಾಕು' ಅಂತ ಎರಡು ಸಂಸಾರದ ಮನೆಗಳನ್ನು ಮಾರಾಟಕ್ಕೆ ತಂದಿತು. ಸಿಂಗಪುರದ ಸರ್ಕಾರಿ ವಸತಿ ಮಂಡಳಿ 2013ರಲ್ಲಿ ಮೂರು ತಲೆಮಾರಿಗೆ ಅಂತಲೇ ಫ್ಲಾಟು ಶುರುಮಾಡಿತು. ಆಸ್ಟ್ರಿಯಾ, ಜರ್ಮನಿಯ ರೈತರದ್ದು ಇವೆಲ್ಲಕ್ಕಿಂತ ಹಳೇ ಪದ್ಧತಿ: ಮಗನಿಗೆ ಹೊಲ ಬಿಟ್ಟುಕೊಡುವಾಗ ಅಪ್ಪ ಪತ್ರದಲ್ಲೇ ಬರೆಸಿಕೊಳ್ಳುತ್ತಿದ್ದ, ತನಗೆ ಇಂಥ ಕೋಣೆ, ಇಷ್ಟು ಧಾನ್ಯ, ಇಷ್ಟು ಹಾಲು, ಇಷ್ಟು ಸೌದೆ. ನಮ್ಮವರಿಗೆ ಇದು ನಾಚಿಕೆಗೇಡು ಅನ್ನಿಸಬಹುದು. "ಹೊಟ್ಟೇಲಿ ಹುಟ್ಟಿದ ಮಗನ ಹತ್ರ ಕಾಗದ ಬರೆಸಿಕೊಳ್ಳಾದ?" ಅಂತಾರೆ.

ಬರೆಸಿಕೊಳ್ಳದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಕೋರ್ಟು ಸಾಕ್ಷಿ ಇದೆ. ಹಿರಿಯ ನಾಗರಿಕರ ಪಾಲನೆ-ಪೋಷಣೆ ಕಾಯಿದೆ ಬಂದದ್ದು 2007ರಲ್ಲಿ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ದಾನ ಕೊಟ್ಟು, ಪಡೆದವರು ನೋಡಿಕೊಳ್ಳದೆ ಹೋದರೆ, ಆ ದಾನಪತ್ರ ರದ್ದು ಮಾಡಿಸಬಹುದು ಅಂತ ಅದರ 23ನೇ ಕಲಮು ಹೇಳುತ್ತೆ. ಆದರೆ ಷರತ್ತು ಇತ್ತು ಅನ್ನೋದು ತೋರಿಬರಬೇಕು ಅಂತ 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಕೇಸಿನಲ್ಲಿ ಅದೇ ಕೋರ್ಟು ಉದಾರವಾಗಿ ನೋಡಿ ಮಗನಿಗೆ ಕೊಟ್ಟ ದಾನ ರದ್ದು ಮಾಡಿತು; ಅಲ್ಲೂ ಒಂದು ಬರವಣಿಗೆಯ ಮಾತು ಇತ್ತು. ಪತ್ರದಲ್ಲಿ ಒಂದು ಸಾಲು, ಇಂಥ ಭಾಗದಲ್ಲಿ ಇವರು ಬದುಕಿರುವ ತನಕ ವಾಸ, ಇವರ ಪೋಷಣೆ ಇಂಥವರದು, ಅಂತ ಇದ್ದರೆ ವಕೀಲರ ಫೀಸು ಉಳಿಯುತ್ತೆ. ವಿಲ್ಲು ಮಾಡಿದರೆ ಸಾಯುವ ತನಕ ಬದಲಾಯಿಸಬಹುದು. ದಾನಪತ್ರ ರಿಜಿಸ್ಟರ್ ಆದ ಮೇಲೆ ಕೈಬಿಟ್ಟ ಹಾಗೇ. ಜೀವನಾಂಶದ ಅರ್ಜಿ ಹೋಗಬೇಕಾದ್ದು ಚಿತ್ರದುರ್ಗದ ಉಪವಿಭಾಗಾಧಿಕಾರಿಗಳ ಹತ್ತಿರ.

ಸೊಸೆಯ ಪಕ್ಕವನ್ನೂ ಹೇಳಬೇಕು. ಬೆಂಗಳೂರಿನ ಒಂದು ಪ್ರಕರಣದಲ್ಲಿ ಅತ್ತೆ-ಮಾವ ಇದೇ 2007ರ ಕಾಯಿದೆ ಹಿಡಿದು ಸೊಸೆಯನ್ನು ಮನೆ ಬಿಡಿಸಲು ಹೊರಟಿದ್ದರು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕೂಡಿ ಬಾಳಿದ ಮನೆಯಲ್ಲಿ ಹೆಂಗಸಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಕೊಟ್ಟ ಹಕ್ಕು ಹಾಗೆ ಅಳಿಸಿಹೋಗೋದಿಲ್ಲ, ಎರಡು ಕಾಯಿದೆಯನ್ನೂ ಜೊತೆಗಿಟ್ಟು ಓದಬೇಕು ಅಂದಿತು. ಎರಡು ಬಾಗಿಲ ಮನೆ ಆ ಜಗಳಕ್ಕೂ ಸ್ವಲ್ಪ ತಂಪು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮ ಪಾಲು ಅಂತ 2005ರಲ್ಲಿ ಕಾನೂನೇ ಆಗಿದೆ, ಅವರನ್ನು ಕೇಳದೆ ಅಪ್ಪನ ಜಾಗದಲ್ಲಿ ಪಾಯ ತೋಡಿದ ಮಗ ಮುಂದೆ ಪಜೀತಿ ಪಡುತ್ತಾನೆ.

ಖರ್ಚು ಹಿಡಿಯೋ ದಾರಿಯೂ ಉಂಟು. ಕೆಂಪು ಮಣ್ಣು ಸಿಗುವ ಕಡೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಸುಡದೆಯೇ ಗಟ್ಟಿ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ ಈ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ಎರೆ ಮಣ್ಣು ಮಾತ್ರ ಇದಕ್ಕೆ ಬರೋದಿಲ್ಲ. ಸೂರು ಆರ್‌ಸಿಸಿ ಆದರೆ ಏಪ್ರಿಲ್ ತಿಂಗಳಲ್ಲಿ ಮುದುಕರ ಕೋಣೆ ಕಾದ ಹೆಂಚು. ವರ್ಷಕ್ಕೊಂದು ಸಲ ಯುಗಾದಿಗೆ ಮುಂಚೆ ಸೂರಿನ ಮೇಲೆ ದಪ್ಪಗೆ ಸುಣ್ಣ ಬಳಿದರೆ ಸೆಖೆ ಇಳಿಯುತ್ತೆ. ತಗಡು ಹಾಕುವ ಮಾತೇ ಬೇಡ.

ನಕ್ಷೆ ಸರಿಯಾಯಿತೋ ಇಲ್ಲವೋ ನೋಡೋಕೆ ಎಂಜಿನಿಯರೇ ಆಗಬೇಕೆಂದಿಲ್ಲ. ಪಾಯ ತೋಡುವ ಹಿಂದಿನ ಸಂಜೆ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಆ ಕೋಣೆಯ ಜಾಗದಲ್ಲಿ ನಿಜವಾದ ಮಂಚ ತಂದು ಹಾಕಬೇಕು. ಅಜ್ಜಿಯನ್ನು ಮಂಚದ ಮೇಲೆ ಕೂರಿಸಿ, "ಅವ್ವಾ, ರಾತ್ರಿ ಎದ್ದೆ ಅಂದ್ಕ, ಬಚ್ಚಲಿಗೆ ನಡಿ" ಅನ್ನಬೇಕು. ಅವಳು ಎಲ್ಲಿ ತಿರುಗ್ತಾಳೆ, ಯಾವ ಕೈಯಲ್ಲಿ ಗೋಡೆ ಹುಡುಕ್ತಾಳೆ, ಎಷ್ಟು ಹೆಜ್ಜೆ ಆಗುತ್ತೆ ಅಂತ ಮೇಸ್ತ್ರಿ ಎಣಿಸಲಿ. ಹತ್ತು ಹೆಜ್ಜೆ ಮೀರಿದರೆ ಗೆರೆ ಅಳಿಸಿ ಇನ್ನೊಂದು ಸಲ ಎಳೆಯಲಿ. ಸುಣ್ಣಕ್ಕೇನು ದೊಡ್ಡ ಖರ್ಚಿಲ್ಲ.