ರಾಜನೇ ಲೋಡ್ ಮಾಡ್ತಾನೆ!

ಈಗಷ್ಟೇ ರಂಗದ ಮೇಲೆ ರಾಜನಾಗಿ ಮೆರೆದ ನಟ,
ನಾಟಕ ಮುಗಿದ ಮೇಲೆ ಏನ್ ಮಾಡ್ತಾನೆ ಗೊತ್ತಾ?
ಬಣ್ಣ ಒರೆಸಿಕೊಂಡು, ಗಾಡಿಗೆ ಸಾಮಾನು ಏರಿಸ್ತಾನೆ!

ಇದು ನೀನಾಸಂ ತಿರುಗಾಟ, ಊರೂರು ಸುತ್ತೋ ನಾಟಕ ತಂಡ.

ಸಾಗರದ ಹತ್ತಿರ ಹೆಗ್ಗೋಡು ಅಂತ ಒಂದು ಹಳ್ಳಿ.
1985ರಲ್ಲಿ ರಂಗಕರ್ಮಿ ಕೆ. ವಿ. ಸುಬ್ಬಣ್ಣ ಮತ್ತು ಗೆಳೆಯರು
ಅಲ್ಲಿಂದ ಈ ತಂಡವನ್ನ ಊರೂರಿಗೆ ಹೊರಡಿಸಿದರು.

ಮಳೆಗಾಲದಲ್ಲಿ ತಾಲೀಮು.
ಮಳೆ ನಿಂತರೆ ಪ್ರಯಾಣ.
ಆಮೇಲೆ ತಿಂಗಳುಗಟ್ಟಲೆ ಮನೆ ಅನ್ನೋದೇ ಇಲ್ಲ.

ಮದುವೆ ಚಪ್ಪರ ನೋಡಿದ್ದೀರಲ್ಲ?
ಕಟ್ಟೋದು, ಸಂಭ್ರಮ, ಬಿಚ್ಚೋದು.
ಇವರಿಗೆ ಹೆಚ್ಚುಕಮ್ಮಿ ದಿನಾ ಅದೇ,
ಊರು ಮಾತ್ರ ಬೇರೆ!

ಒಂದೂರಲ್ಲಿ ಒಳ್ಳೇ ರಂಗಮಂದಿರ.
ಇನ್ನೊಂದೂರಲ್ಲಿ ಶಾಲೆ ಮೈದಾನ.
ರಂಗ ಚಿಕ್ಕದಾದರೆ ಹೆಜ್ಜೆಯ ಲೆಕ್ಕವೇ ಬದಲು.
ಸೆಟ್ಟು, ಲೈಟು, ಬಟ್ಟೆ ಇಸ್ತ್ರಿ,
ಎಲ್ಲದಕ್ಕೂ ಕೈ ಹಾಕೋರು ನಟನಟಿಯರೇ.

ಊಟ, ವಸತಿ?
ನಾಟಕ ಕರೆಸಿದ ಊರಿನವರದ್ದು.
ನನಗೆ ತುಂಬಾ ಇಷ್ಟವಾಗೋದು ಇದೇ.
ಊರಿನವರು ಕೈ ಜೋಡಿಸಿದ್ದಕ್ಕೇ
ಈ ತಿರುಗಾಟ ಇಷ್ಟು ವರ್ಷ ನಡೆದಿದೆ.

ನಿಮ್ಮ ಊರಿಗೆ ತಂಡ ಬಂದಾಗ
ಮಧ್ಯಾಹ್ನವೇ ಒಮ್ಮೆ ಹೋಗಿ,
ಸೆಟ್ಟು ಕಟ್ಟೋದನ್ನ ನೋಡಿ.
ಸಂಜೆಗೆ ಟಿಕೆಟ್ ತಗೊಳ್ಳಿ.
ಮನೆಯವರನ್ನೂ ಕರ್ಕೊಂಡು ಬನ್ನಿ!