ಕಾಡು ಕಂಪನಿಯದು, ಜಿಂಕೆ ಯಾರದು?

ಪ್ರಶ್ನೆ: ಅಮೆರಿಕದಲ್ಲಿ ಮರದ ಕಂಪನಿಗಳ ಕಾಡಿಗೆ ಯಾರು ಬೇಕಾದರೂ ನುಗ್ಗಿ ಬೇಟೆಯಾಡಬಹುದಂತೆ, ನಿಜವೇ?

ಉತ್ತರ: ಎಲ್ಲ ಕಡೆಯೂ ಹಾಗಿಲ್ಲ. ನೆಲ ಕಂಪನಿಯದೇ ಆದರೂ ಅದರ ಮೇಲೆ ಓಡಾಡುವ ಜಿಂಕೆ ಕಂಪನಿಯ ಸ್ವತ್ತಲ್ಲ. ಬೇಟೆಯ ಲೈಸೆನ್ಸ್ ಕೊಡುವುದು ರಾಜ್ಯ ಸರ್ಕಾರ. ಒಳಗೆ ಬಿಡುವುದು, ಬಿಡದಿರುವುದು ಮಾತ್ರ ಮಾಲೀಕರ ಇಷ್ಟ.

ಮೇಯ್ನ್ ರಾಜ್ಯದಲ್ಲಿ ತಡೆ ಫಲಕವಿಲ್ಲದ ಕಾಡಿಗೆ ಹೋಗುವುದು ಹಳೆಯ ರೂಢಿ. ಮರದ ಕಾಂಡಕ್ಕೆ ನೇರಳೆ ಬಣ್ಣದ ಪಟ್ಟಿ ಬಳಿದಿದ್ದರೆ ಕೇಳಿಯೇ ಕಾಲಿಡಬೇಕು. ಅದೇ ರಾಜ್ಯದ ಉತ್ತರದಲ್ಲಿ ಹಲವು ಮಾಲೀಕರು ಸೇರಿ ಸುಮಾರು 35 ಲಕ್ಷ ಎಕರೆಗೆ ಗೇಟು ಹಾಕಿದ್ದಾರೆ. ಹೆಸರು ಬರೆಸಿ, ದಿನಕ್ಕಿಷ್ಟು ಎಂದು ಶುಲ್ಕ ಕಟ್ಟಿದರೆ ಒಳಗೆ ಬಿಡುತ್ತಾರೆ. ದಿಮ್ಮಿ ಹೊತ್ತ ಲಾರಿ ಎದುರಾದರೆ ಬೇಟೆಗಾರನೇ ಪಕ್ಕಕ್ಕೆ ಸರಿಯಬೇಕು. ರಸ್ತೆ ಮಾಡಿದ್ದು ಅದಕ್ಕಾಗಿ ತಾನೆ!

ವಿಸ್ಕಾನ್ಸಿನ್‌ನವರು ಜಾಣರು. ಅಲ್ಲಿನ ಅರಣ್ಯ ತೆರಿಗೆ ಯೋಜನೆಗೆ ಸೇರಿದವರು ಕಾಡನ್ನು ಜನರಿಗೆ ತೆರೆದಿಟ್ಟರೆ ಕಡಿಮೆ ಕಟ್ಟುತ್ತಾರೆ, ಮುಚ್ಚಿದರೆ ಹೆಚ್ಚು. ದಕ್ಷಿಣದ ರಾಜ್ಯಗಳಲ್ಲಿ ಕಂಪನಿಗಳು ಬೇಟೆ ಕ್ಲಬ್‌ಗಳಿಗೆ ಕಾಡನ್ನು ಗುತ್ತಿಗೆ ಕೊಡುವುದು ಮಾಮೂಲು. ವಾಷಿಂಗ್ಟನ್ ರಾಜ್ಯದಲ್ಲಿ ವೇಯರ್‌ಹೌಸರ್ ಕಂಪನಿ ಮೊದಲು ಪುಕ್ಕಟೆ ಬಿಡುತ್ತಿದ್ದ ಅನೇಕ ಕಾಡುಗಳಿಗೆ ಈಗ ಪರ್ಮಿಟ್ ಮಾರುತ್ತದೆ. ತಲೆಮಾರಿನಿಂದ ಅಲ್ಲೇ ಬೇಟೆಯಾಡಿದ ಊರವರಿಗೆ ಇದು ಸಿಟ್ಟು ತರಿಸಿದ್ದರೆ ಆಶ್ಚರ್ಯವಿಲ್ಲ.