ಬೀಟಲ್ ಕಾರಿನ ಬಿಸಿಗಾಳಿ: ಬಿಚ್ಚುವ ಮುನ್ನ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ರೇಡಿಯೇಟರ್ ಇಲ್ಲ. ಹಿಂಬದಿಯ ಎಂಜಿನ್ನನ್ನು ತಣಿಸುವುದು ಒಂದು ಫ್ಯಾನು. ಬಿಸಿನೀರೇ ಇಲ್ಲದ ಕಾರಿನಲ್ಲಿ, ಜರ್ಮನಿಯ ಚಳಿಯಲ್ಲಿ ಕೂತವರಿಗೆ ಬೆಚ್ಚಗಾಗುವುದು ಹೇಗೆ? ಫ್ಯಾನಿನ ಗಾಳಿಯಲ್ಲೇ ಒಂದು ಪಾಲು ತೆಗೆದು, ಎಂಜಿನ್ನಿನ ಶಾಖ ತಗುಲಿಸಿ, ಬಾಗಿಲ ಕೆಳಗಿನ ಟೊಳ್ಳು ದೂಲಗಳ ಮೂಲಕ ಒಳಗೆ ಬಿಟ್ಟರು. 1963ರ ಮಾದರಿಗೆ ಮೊದಲು ಈ ಗಾಳಿ ಸಿಲಿಂಡರುಗಳನ್ನೇ ಸವರಿಕೊಂಡು ಬರುತ್ತಿತ್ತು. ಎಣ್ಣೆ ಸೋರಿದರೆ ಕಮಟು ವಾಸನೆ ಸೀದಾ ಮೂಗಿಗೆ. ಆಮೇಲೆ ಬಂದದ್ದು ಹೀಟ್ ಎಕ್ಸ್‌ಚೇಂಜರ್. ಬಿಸಿ ಹೊಗೆಕೊಳವೆಗೆ ತಗಡಿನ ಕವಚ, ಎರಡರ ನಡುವೆ ಹೊರಗಿನ ಗಾಳಿ.

ಒಳಗಿನ ಕೊಳವೆ ತುಕ್ಕು ತಿಂದು ತೂತಾದರೆ ಹೊಗೆಯೂ ಅದೇ ದಾರಿ ಹಿಡಿಯುತ್ತದೆ. ಅದರಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಹಾಗಾಗಿ ಕೆಲವರು ಎಕ್ಸ್‌ಚೇಂಜರ್ ತೆಗೆದು ಬರಿಯ ಹೊಗೆಕೊಳವೆ ಹಾಕಿ, ಬೆಚ್ಚಗಾಗಲು ಪೆಟ್ರೋಲಿನಲ್ಲಿ ಉರಿಯುವ ಪ್ರತ್ಯೇಕ ಹೀಟರ್ ಕೂರಿಸುತ್ತಾರೆ. ಇಲ್ಲಿ ಮಾತು ಎಂಜಿನ್ನನ್ನು ಕಾರಿನಿಂದ ಇಳಿಸಿ ಎಕ್ಸ್‌ಚೇಂಜರ್ ತೆಗೆಯುವ ಕೆಲಸದ್ದು.

ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ. ನೆಗೆಟಿವ್ ವೈರು ಮೊದಲು ಬಿಚ್ಚಬೇಕು. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಆಗ ಕಿಡಿ ಹಾರದು. ಪೆಟ್ರೋಲ್ ಟ್ಯಾಂಕು ಮುಂಬದಿಯಲ್ಲಿ. ಎಂಜಿನ್ ನಿಂತಿದ್ದರೂ ಹಿಂದೆ ಕೊಳವೆ ಬಿಚ್ಚಿದರೆ ಪೆಟ್ರೋಲು ತಾನಾಗಿ ಇಳಿದುಬರಬಹುದು. ಕೊಳವೆಯನ್ನು ಮೊದಲೇ ಕ್ಲಾಂಪಿನಿಂದ ಬಿಗಿಯಬೇಕು.

ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅವೇ ನೆಲಬಿಟ್ಟು ಮೇಲೆದ್ದ ಮೇಲೆ ಅದನ್ನು ಎಳೆದಿಟ್ಟು ಪ್ರಯೋಜನವಿಲ್ಲ. ಮುಂದಿನ ಚಕ್ರಗಳ ಹಿಂದೆ, ಮುಂದೆ ಎರಡೂ ಕಡೆ ಅಡ್ಡಗಟ್ಟೆ ಕೊಟ್ಟು, ಕಾರಿನ ಭಾರವನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಇಳಿಸಬೇಕು. ಬರೀ ಜಾಕ್ ನಂಬಿ ಕೆಳಗೆ ನುಸುಳುವವರಿಗೆ ಯಾವ ಪುಸ್ತಕವೂ ನೆರವಾಗದು.

ಕೇಬಲ್ಲು, ವೈರು, ಗಾಳಿ ಹೋಸುಗಳನ್ನು ಕಳಚಿದ ಮೇಲೆ ಎಂಜಿನ್ನನ್ನು ಹಿಡಿದಿರುವುದು ನಾಲ್ಕೇ ಜಾಗ. ಮೇಲೆ ಎರಡು, ಕೆಳಗೆ ಎರಡು, ಎಲ್ಲಕ್ಕೂ 17 ಎಂಎಂ ಸ್ಪ್ಯಾನರ್. ಇಷ್ಟು ಸುಲಭವಾದದ್ದರಿಂದಲೇ ಜನ ಅವಸರ ಮಾಡುತ್ತಾರೆ. ಎಂಜಿನ್ನಿನ ತೂಕ ನೂರು ಕಿಲೋ ದಾಟುತ್ತದೆ. ಕೊನೆಯ ನಟ್ಟು ಸಡಿಲವಾಗುವ ಮೊದಲೇ ಟ್ರಾಲಿ ಜಾಕ್ ಅಡಿಯಲ್ಲಿರಬೇಕು. ಗೇರ್‌ಬಾಕ್ಸಿನ ಶಾಫ್ಟು ಕ್ಲಚ್ಚಿನಿಂದ ಪೂರ್ತಿ ಹೊರಬರುವ ತನಕ ಎಂಜಿನ್ನನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ಅರ್ಧದಲ್ಲೇ ಕೆಳಗಿಳಿಸಿದರೆ ಅಷ್ಟೂ ಭಾರ ಶಾಫ್ಟಿನ ಮೇಲೆ ಜೋತುಬಿದ್ದು ಕ್ಲಚ್ ಪ್ಲೇಟು ಸೊಟ್ಟಗಾಗುತ್ತದೆ.

ನಿಜವಾದ ತಾಳ್ಮೆ ಬೇಕಾಗುವುದು ಇನ್ನು ಮುಂದೆ. ಹೊಗೆಕೊಳವೆಯ ಉಕ್ಕಿನ ಸ್ಟಡ್ಡುಗಳು ಅಲ್ಯೂಮಿನಿಯಂ ಹೆಡ್ಡಿನಲ್ಲಿ ನಾಟಿಕೊಂಡಿವೆ. ದಶಕಗಳ ತುಕ್ಕು ನಟ್ಟನ್ನು ಬೆಸುಗೆ ಹಾಕಿದಂತೆ ಹಿಡಿದಿರುತ್ತದೆ. ಬಲ ಹಾಕಿದರೆ ಸ್ಟಡ್ಡು ಮುರಿಯುತ್ತದೆ, ಇಲ್ಲವೇ ಹೆಡ್ಡಿನ ಮೆತ್ತನೆಯ ಮರೆಯನ್ನೇ ಕಿತ್ತುಕೊಂಡು ಬರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೆಳಿಗ್ಗೆ ನಟ್ಟನ್ನು ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಲು ನೋಡಬೇಕು. ಜಗ್ಗದಿದ್ದರೆ ಎಣ್ಣೆಯನ್ನು ಚೆನ್ನಾಗಿ ಒರೆಸಿ ನಟ್ಟಿಗಷ್ಟೇ ಗ್ಯಾಸ್ ಟಾರ್ಚಿನ ಜ್ವಾಲೆ ಹಿಡಿಯುವುದು, ಅದೂ ಎಂಜಿನ್ನನ್ನು ಕಾರಿನಿಂದ ದೂರ, ಬಯಲಿಗೆ ತಂದ ಮೇಲೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ತಾಗಿದ್ದಲ್ಲಿ ಟಾರ್ಚು ಬೇಡವೇ ಬೇಡ. ಕಾದರೆ ಅದು ಫಾಸ್ಜೀನ್ ಎಂಬ ವಿಷಾನಿಲವಾಗಬಲ್ಲದು. ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು. ಅದು ಹೊತ್ತಿಕೊಂಡರೆ ನೀರು ಬೆಂಕಿಯನ್ನು ಇನ್ನಷ್ಟು ಕೆರಳಿಸುತ್ತದೆ. ಹತ್ತಿರದಲ್ಲಿ ಒಣ ಮರಳಿರಲಿ.

ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿದೆ. ಅವನ್ನು ತಂತಿ ಬ್ರಷ್ಷಿನಿಂದ ಉಜ್ಜದೆ, ಒದ್ದೆ ಮಾಡಿ ಇಡಿಯಾಗಿ ಎಬ್ಬಿಸಿ ಚೀಲದಲ್ಲಿ ಕಟ್ಟಬೇಕು.

ಎಕ್ಸ್‌ಚೇಂಜರ್ ಹೊರಬಂದ ಮೇಲೆ ಫ್ಯಾನಿನ ಕವಚದಲ್ಲಿ ಎರಡು ದೊಡ್ಡ ತೂತುಗಳು ಬಾಯಿ ತೆರೆದು ಉಳಿಯುತ್ತವೆ. ಅವನ್ನು ಮುಚ್ಚದಿದ್ದರೆ ಸಿಲಿಂಡರುಗಳಿಗೆ ಸಲ್ಲಬೇಕಾದ ಗಾಳಿ ಪೋಲಾಗಿ ಎಂಜಿನ್ ಕಾಯುತ್ತದೆ. ಮುಂಗಾಜಿನ ಮಂಜನ್ನು ಒರೆಸುತ್ತಿದ್ದದ್ದೂ ಇದೇ ಬಿಸಿಗಾಳಿ, ಆದ್ದರಿಂದ ಹೊಸ ಹೀಟರಿನ ಒಂದು ಕವಲು ಗಾಜಿಗೂ ತಲುಪಬೇಕು. ಆ ಹೀಟರಿಗೂ ತನ್ನದೇ ಹೊಗೆಯಿದೆ. ಅದರ ಕೊಳವೆಯನ್ನು ಕಾರಿನಿಂದ ಪೂರ್ತಿ ಹೊರಕ್ಕೆ ತಂದು, ಒಳಗೊಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಟ್ಟ ಮೇಲೆಯೇ ಕಿಟಕಿ ಏರಿಸಬೇಕು.